ಅಂಕಿ ಹೇಳದ ಸೇನಾಪತಿ

ಚೆನ್ನಿಯಪ್ಪನವರ ಬಾಯಿಂದ ಒಂದು ಅಂಕಿ ಹೊರಬಿದ್ದದ್ದನ್ನು ನಾನು ಕೇಳಿದ ನೆನಪಿಲ್ಲ. ವಯಸ್ಸೆಷ್ಟು ಎಂದು ಕೇಳಿದರೆ ಹೆಗಲ ಮೇಲಿನ ಟವೆಲು ತೆಗೆದು ನಮ್ಮ ಕೈಮೇಲೆ ಹಾಸಿ, ಅದರ ಕೆಳಗೆ ನಮ್ಮ ಬೆರಳುಗಳನ್ನು ಹಿಡಿದು ಒತ್ತಿ, "ತಿಳೀತಾ ಸಾರ್?" ಎನ್ನುತ್ತಿದ್ದರು. ತಿಳಿಯುತ್ತಿರಲಿಲ್ಲ. ಒಂದು ಸಲ ಅರವತ್ತೆಂಟು ಅನ್ನಿಸಿತು, ಇನ್ನೊಂದು ಸಲ ಎಪ್ಪತ್ತಾರು. ಹೋಟೆಲಿನಲ್ಲಿ ಎಷ್ಟು ಇಡ್ಲಿ ಎಂದು ಕೇಳಿದವರಿಗೂ ಬೆರಳು ತೋರಿಸುವವರೇ ಹೊರತು ಬಾಯಿ ಬಿಟ್ಟು ಹೇಳುವವರಲ್ಲ. ತಮ್ಮ ಫೋನ್ ನಂಬರ್ ಕೇಳಿದರೆ ನಮ್ಮ ಫೋನನ್ನೇ ಇಸಿದುಕೊಂಡು ಒತ್ತಿಕೊಡುತ್ತಿದ್ದರು.

ತಮಿಳುನಾಡಿನ ಅವಿನಾಶಿಯ ಸುತ್ತಮುತ್ತಲಿನ ದನದ ಸಂತೆಗಳಲ್ಲಿ ಅವರು ದಲ್ಲಾಳಿ. ಅಲ್ಲಿ ಎಮ್ಮೆಯ ಬೆಲೆಯನ್ನು ಯಾರೂ ಕೂಗಿ ಹೇಳುವುದಿಲ್ಲ. ಕೊಡುವವನ ಕೈ, ದಲ್ಲಾಳಿಯ ಕೈ ಒಂದು ಟವೆಲಿನ ಕೆಳಗೆ ಸೇರುತ್ತವೆ. ಯಾವ ಬೆರಳು, ಎಷ್ಟು ಬೆರಳು ಎಂಬುದರಲ್ಲಿ ಬೆಲೆ ಇರುತ್ತದೆ. ಆಮೇಲೆ ಕೊಳ್ಳುವವನ ಕೈ. ಸುತ್ತ ನಿಂತವರಿಗೆ ಕಾಣುವುದು ಅಲ್ಲಾಡುವ ಬಟ್ಟೆ ಮಾತ್ರ. "ಬೆಲೇನ ಬಾಯಲ್ಲಿ ಹೇಳ್ಬಿಟ್ರೆ ಆಮೇಲೆ ನಾನ್ ಯಾತಕ್ಕೆ ಸಾರ್?" ಎಂದು ಅವರೇ ನಗುತ್ತಿದ್ದರು. ಜೀವಮಾನವಿಡೀ ಹಾಗೆ ಬದುಕಿದ ಮೇಲೆ ಅಂಕಿಗಳು ನಾಲಿಗೆಯ ಮೇಲೆ ಬರುವುದನ್ನೇ ಬಿಟ್ಟಿದ್ದವೇನೋ.

ಇದನ್ನೆಲ್ಲ ಬರೆಯುವಾಗ ನನಗೊಂದು ಅನುಮಾನ ಇದ್ದೇ ಇದೆ. ತೀರಿಹೋದವರ ವಿಷಯದಲ್ಲಿ ನೆನಪು ಒಳ್ಳೆಯ ಟೈಲರಿನಂತೆ ಕೆಲಸ ಮಾಡುತ್ತದೆ. ಅಲ್ಲಿ ಇಲ್ಲಿ ಹಿಡಿದು, ಕತ್ತರಿಸಿ, ಆಳಿಗೆ ಸರಿಯಾಗಿ ಕೂರಿಸಿಬಿಡುತ್ತದೆ. ಚೆನ್ನಿಯಪ್ಪನವರು ಎಲ್ಲೋ ಒಂದು ಕಡೆ "ಎರಡು ಟೀ" ಎಂದಿರಲಿಕ್ಕೂ ಸಾಕು. ಆದರೂ ನನಗೆ ನೆನಪಿರುವಂತೆ ಬರೆಯುತ್ತೇನೆ, ತಪ್ಪಿದ್ದು ಗೊತ್ತಾದಲ್ಲಿ ಅದನ್ನೂ ಹೇಳುತ್ತೇನೆ.

ನಾನು ತುಮಕೂರಿನ ಕಡೆಯವನು. ಸಾಹಿತ್ಯದಲ್ಲಿ ಎಂ.ಎ. ಮಾಡಿ, ಕೊಯಮತ್ತೂರಿನ ಶರವಣಂಪಟ್ಟಿಯ ಒಂದು ಕಚೇರಿಯಲ್ಲಿ ಪಂಪುಗಳ ಕೈಪಿಡಿ ಬರೆಯುತ್ತೇನೆ. ಸುತ್ತಮುತ್ತಲ ಕಂಪನಿ, ಕಾಲೇಜುಗಳಲ್ಲಿದ್ದ ನಾವೊಂದಿಷ್ಟು ಕನ್ನಡದವರು ಸೇರಿ ಶನಿವಾರ ಸಂಜೆ ನಾಟಕ ಆಡತೊಡಗಿದ್ದೆವು. ಮುಚ್ಚಿಹೋದ ಒಂದು ಟ್ಯೂಷನ್ ಸೆಂಟರಿನ ಮಹಡಿ ನಮ್ಮ ತಾಲೀಮಿನ ಜಾಗ. ಆ ವರ್ಷ ನಾನು ಯುದ್ಧವನ್ನು ಗೇಲಿ ಮಾಡುವ ಹೊರದೇಶದ ಹಳೆಯ ಕಾದಂಬರಿಯೊಂದನ್ನು ರಂಗಕ್ಕೆ ತಿರುಗಿಸಿಕೊಂಡಿದ್ದೆ. ಓದಿದವರಿಗೆಲ್ಲ ಗೊತ್ತಿರುವ ಪುಸ್ತಕ. ಹೆಸರು ಬರೆಯುವುದಿಲ್ಲ, ಯಾಕೆಂದರೆ ನಮ್ಮ ಕೈಗೆ ಸಿಕ್ಕಿದ ಮೇಲೆ ಅದರಲ್ಲಿ ಮೂಲದ್ದು ಬಹಳ ಉಳಿದಿರಲಿಲ್ಲ. ಪಾತ್ರಗಳಿಗೆಲ್ಲ ಜನ ಸಿಕ್ಕಿದ್ದರು. ಮುದಿ ಸೇನಾಪತಿಗೆ ಮಾತ್ರ ಯಾರೂ ಇರಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯನಾದ ಬ್ಯಾಂಕಿನ ಪ್ರಸಾದನಿಗೇ ಇನ್ನೂ ನಲವತ್ತಾಗಿರಲಿಲ್ಲ. ಅವನನ್ನು ಶತ್ರುಪಕ್ಷದ ಸೇನಾಪತಿ ಮಾಡಿದ್ದೆವು.

ಖಾಕಿ ಬಟ್ಟೆ ಹುಡುಕಿಕೊಂಡು ನಾನೂ ಶ್ವೇತಾಳೂ ಒಂದು ದಿನ ಅವಿನಾಶಿಗೆ ಹೋದೆವು. ಶ್ವೇತಾ ದಾವಣಗೆರೆಯ ಹುಡುಗಿ, ಇಂಜಿನಿಯರು, ನಮ್ಮ ತಂಡದ ಬಾಯಿ ಮತ್ತು ಕಾಲು ಎರಡೂ ಅವಳೇ. ಸಂತೆ ಮುಗಿದ ಮೈದಾನದ ಪಕ್ಕ ಹಾಯುವಾಗ ಯಾರೋ ಕನ್ನಡದಲ್ಲಿ ರಮಿಸುವುದು ಕೇಳಿಸಿತು.

"ಯಾಕವ್ವಾ ಮುನಿಸು? ವಂಡಿ ಹತ್ತು ತಾಯಿ, ಮನೆಗೆ ಹೋಗಾಣ."

ಬಿಳಿ ವೇಷ್ಟಿ, ಬಿಳಿ ಅಂಗಿ, ಎರಡೂ ಕೆನ್ನೆ ತುಂಬಿದ ಬಿಳಿ ಮೀಸೆ. ಎದುರಿಗೆ, ಮಿನಿ ಲಾರಿ ಹತ್ತಲು ಒಪ್ಪದ ಎಮ್ಮೆ. ಶ್ವೇತಾ ಅಲ್ಲೇ ನಿಂತಳು.

"ತಾತ, ಎಮ್ಮೆ ಹತ್ರ ಕನ್ನಡ ಮಾತಾಡ್ತೀರಾ?"

ಅವರು ತಿರುಗಿ ನೋಡಿದರು. ಕನ್ನಡ ಕೇಳಿ ಅವರಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ. "ಮನೆ ಎಮ್ಮೆ ಅಮ್ಮಣಿ. ಮಾರೋ ಎಮ್ಮೆಗೆ ತಮಿಳು, ಮನೇದಕ್ಕೆ ಕನ್ನಡ."

"ನಾಟಕದಲ್ಲಿ ಪಾರ್ಟ್ ಮಾಡ್ತೀರಾ?"

"ರಾಜಾ ಪಾರ್ಟಾ?"

"ಸೇನಾಪತಿ."

ಮೀಸೆ ಸವರಿಕೊಂಡರು. "ಮೀಸೆ ನನ್ನದೇ ಇರಲಿ. ಅಂಟಿಸೋದು ಬೇಡ."

ಹೀಗೆ ಚೆನ್ನಿಯಪ್ಪನವರು ನಮ್ಮವರಾದರು. ಎಷ್ಟೋ ತಲೆಮಾರಿನ ಹಿಂದೆ ಈ ಕಡೆ ಬಂದು ಬೇಸಾಯಕ್ಕೆ ನಿಂತ ಕನ್ನಡದ ಮನೆತನ. ಅವರ ಕನ್ನಡ ಹೊಲ ಮನೆ ಕೊಟ್ಟಿಗೆಗಳ ಕನ್ನಡ. ಅದರ ನಡುವೆ ತಮಿಳು ಮಾತುಗಳು ತಮ್ಮ ಮನೆಯೇ ಎಂಬಂತೆ ಓಡಾಡುತ್ತಿದ್ದವು. ಕನ್ನಡ ಅಕ್ಷರ ಅವರಿಗೆ ಬಾರದು. ಆದ್ದರಿಂದ ಶ್ವೇತಾ ಅವರ ಪಾರ್ಟಿನ ಮಾತುಗಳನ್ನೆಲ್ಲ ತಾನೇ ಹೇಳಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ಅವರು ಅದನ್ನು ಸಂತೆಯಲ್ಲಿ ಗಟ್ಟಿಯಾಗಿ ಹಾಕಿಕೊಂಡು ಕೇಳುವರು. "ಗಡಿಯಲ್ಲಿ ಒಬ್ಬನೂ ಉಳಿಯಕೂಡದು" ಎಂದು ಹೆಣ್ಣು ದನಿಯೊಂದು ಅವರ ಜೇಬಿನಿಂದ ಆಜ್ಞೆ ಮಾಡುವುದನ್ನು ಕೇಳಿ ಸಂತೆಯವರು, ಮನೆಯಲ್ಲಿ ಜಮೀನಿನ ತಗಾದೆಯೇ ಎಂದು ವಿಚಾರಿಸಿದರಂತೆ.

ನಟನಾಗಿ ಅವರನ್ನು ಪಳಗಿಸುವುದು ಸುಲಭವಿರಲಿಲ್ಲ. ತಡವಾಗಿ ಬರುವರು. ಬಂದರೆ ಮೊದಲು ಎಲ್ಲರಿಗೂ ಮನೆಯ ಗಟ್ಟಿ ಮೊಸರು ಹಂಚಬೇಕು. ಕನ್ನಡಿಯ ಮುಂದೆ ಮೀಸೆ ತೀಡಬೇಕು. ರಂಗದ ಮೇಲೆ ಹಿಂದೆ ನಿಂತ ಸಿಪಾಯಿಯೊಂದಿಗೆ ಮಾತಾಡುವಾಗಲೂ ಮುಖ ಸಭೆಯ ಕಡೆಗೇ.

"ಸ್ವಲ್ಪ ಅವನ ಕಡೆ ತಿರುಗಿ ಚೆನ್ನಿಯಪ್ಪನವರೇ."

"ಸೇನಾಪತಿ ಬೆನ್ನು ತೋರ್ಸಿದ್ರೆ ಸೋತಂಗಲ್ವಾ ಸಾರ್?"

ವಾದ ಅಲ್ಲಿಗೆ ಮುಗಿಯುತ್ತಿತ್ತು. ಗೆಲ್ಲುತ್ತಿದ್ದವರು ಅವರೇ.

ನಾಟಕದ ನಡುವೆ ಎರಡು ಕಡೆಯ ಸೇನಾಪತಿಗಳು ಗುಟ್ಟಾಗಿ ಭೇಟಿಯಾಗುವ ದೃಶ್ಯವಿತ್ತು. ನಾಳೆಯ ಕದನದಲ್ಲಿ ಯಾರ ಕಡೆ ಎಷ್ಟು ಜನ ಸಾಯಬೇಕು ಎಂದು ಇಬ್ಬರೂ ಸ್ನೇಹದಿಂದ ಒಪ್ಪಂದ ಮಾಡಿಕೊಳ್ಳುತ್ತಾರೆ. ನಾನು ಅದಕ್ಕೆ ಪುಟಗಟ್ಟಲೆ ಸಂಭಾಷಣೆ ಬರೆದಿದ್ದೆ. ಅದರಲ್ಲಿ ರಾಜನೀತಿಯೂ ಇತ್ತು, ತರ್ಕವೂ ಇತ್ತು. ಚೆನ್ನಿಯಪ್ಪನವರು ಒಂದು ತಾಲೀಮು ಸಹಿಸಿಕೊಂಡರು. ಎರಡನೆಯದರಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಕೂತರು.

"ಇಷ್ಟು ಮಾತಾಡಾದ್ರೊಳಗೆ ಎಮ್ಮೆ ಮನೆಗೋಗಿ ಕರಾನೂ ಹಾಕಿರ್ತದೆ ಸಾರ್."

"ಮತ್ತೆ ಹೇಗೆ ಮಾಡಬೇಕು?"

ಅವರು ಪ್ರಸಾದನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಹೆಗಲ ಟವೆಲು ಇಳಿದು ಇಬ್ಬರ ಕೈಗಳ ಮೇಲೆ ಬಿತ್ತು. ಚೆನ್ನಿಯಪ್ಪನವರು ಛಾವಣಿ ನೋಡತೊಡಗಿದರು, ಅಲ್ಲೇನೋ ಹಕ್ಕಿ ಗೂಡು ಕಟ್ಟುತ್ತಿದೆ ಎಂಬಂತೆ. ಬಟ್ಟೆ ಅಲ್ಲಾಡಿತು. ಪ್ರಸಾದ ಬೆಚ್ಚಿದ, ಅವನಿಗೆ ಬೆರಳ ಭಾಷೆ ಬರುತ್ತಿರಲಿಲ್ಲ, ಬರದಿದ್ದದ್ದೇ ಚೆಂದವಾಯಿತು. ಇವರು ತುಟಿ ಕೊಂಕಿಸಿದರು, ಜಾಸ್ತಿಯಾಯಿತು ಎನ್ನುವಂತೆ. ಎದ್ದು ಹೊರಟವರಂತೆ ಮಾಡಿದರು, ಕೈ ಮಾತ್ರ ಬಿಡಲಿಲ್ಲ. ಮತ್ತೆ ಕೂತರು. ಮರುಕದಿಂದ ತಲೆಯಾಡಿಸಿದರು. ಕೊನೆಗೆ ಟವೆಲನ್ನು ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಂಡು, "ಆಯ್ತು, ಟೀ ತರಿಸಿ" ಎಂದರು.

ನಾವು ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ನಕ್ಕು ಮುಗಿದ ಮೇಲೆ ನನ್ನ ಪುಟಗಳನ್ನೆಲ್ಲ ನಾನೇ ಹರಿದೆ.

ಮುಂದಿನ ಶನಿವಾರವೇ ಇರಬೇಕು, ಅವರ ಮಗಳು ಬಂದದ್ದು. ಶಾಂತಾಮಣಿ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಚೆಕಿಂಗ್ ವಿಭಾಗದವರು. ಗಂಡ ಮುರುಗೇಶ ಸೈನ್ಯದಲ್ಲಿ ಹವಾಲ್ದಾರ್, ಎಲ್ಲೋ ಉತ್ತರದ ಗಡಿಯಲ್ಲಿ. ಆಕೆ ಅಪ್ಪನ ಮನೆಯಲ್ಲೇ ಇದ್ದರು. ಅಪ್ಪನಿಗೆ ಮೈ ಬೆಚ್ಚಗಿದೆ, ಬಸ್ಸಿನಲ್ಲಿ ಬರುವುದು ಬೇಡ ಎಂದು ಸ್ಕೂಟರಿನಲ್ಲಿ ಕರೆದೊಯ್ಯಲು ಬಂದಿದ್ದರು. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ಬಾಗಿಲಲ್ಲಿ ನಿಂತು ಆ ದೃಶ್ಯವನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಗಂಡನ ಫೋನು ಬಂದು ಬಹಳ ದಿನವಾಗಿತ್ತು ಎನ್ನುವುದು ನಮಗೆ ತಿಳಿದದ್ದು ಆಮೇಲೆ.

"ಇದೇನಾಟ ಅಪ್ಪಾ?"

"ನಾಟಕ, ನನ್ ಕಣ್ಣು. ಈ ಕಡೆ ಸೇನಾಪತಿ, ಆ ಕಡೆ ಸೇನಾಪತಿ ಆಳಿನ ಲೆಕ್ಕ ಮಾತಾಡ್ತವ್ರೆ."

"ಎಮ್ಮೆ ಲೆಕ್ಕದಂಗಾ?"

"ನಗಾಕೆ. ನಾಟಕ ಅಲ್ವಾ."

ಆಕೆ ಅಪ್ಪನ ಮುಖ ನೋಡಲಿಲ್ಲ, ಕೈ ನೋಡಿದರು. "ಅದ್ರಲ್ಲಿ ನಮ್ಮನೆಯವ್ರು ಯಾವ ಬೆರಳಪ್ಪಾ?"

ದನಿ ಏರಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು. ಚೆನ್ನಿಯಪ್ಪನವರು ಟವೆಲು ಮಡಿಸಿ, ಚಪ್ಪಲಿ ಹುಡುಕಿ, ಮಗಳ ಹಿಂದೆ ಮೆಟ್ಟಿಲಿಳಿದು ಹೋದರು.

ಮರುವಾರ ಅವರು ಬರಲಿಲ್ಲ. ನಾಟಕದ ದಿನ ಗೊತ್ತಾಗಿತ್ತು, ಸಭಾಂಗಣಕ್ಕೆ ಹಣ ಕಟ್ಟಿಯಾಗಿತ್ತು. ಪ್ರಸಾದ ಆ ದೃಶ್ಯವನ್ನೇ ತೆಗೆದುಬಿಡೋಣ ಎಂದ. ಶ್ವೇತಾ, "ಆ ಅಕ್ಕ ಕೇಳಿದ್ದು ಸರಿಯಾಗೇ ಇದೆ. ತೆಗೆದ್ರೆ ಅದಕ್ಕೆ ಉತ್ತರ ಕೊಟ್ಟಂಗಾಗಲ್ಲ" ಎಂದಳು. ನಾನೇನೆಂದೆ ಎಂಬುದು ನನಗೆ ನೆನಪಿಲ್ಲ, ದಿನಚರಿಯಲ್ಲೂ ಇಲ್ಲ. ನಾವು ಹೋಗಿ ಕರೆಯಬೇಕೋ ಬೇಡವೋ ಎಂದು ತೂಗಾಡುತ್ತಿದ್ದಾಗ ಅವರೇ ಒಂದು ಸಂಜೆ, ಶನಿವಾರವಲ್ಲದ ದಿನ, ನನ್ನ ಕಚೇರಿಯ ಗೇಟಿನ ಮುಂದೆ ನಿಂತಿದ್ದರು. ಮುಖದಲ್ಲಿ ವ್ಯಾಪಾರದ ಗಾಂಭೀರ್ಯ.

"ಶಾಂತಾ ಹತ್ರ ಮಾತಾಡ್ದೆ ಸಾರ್. ಆ ಖಾಕಿ ಬಟ್ಟೆ ನಾ ಹಾಕ್ಕೂಡದು ಅಂದ್ಲು. ಅವಳ ಗಂಡ ಬೆವರು ಸುರ್ಸೋ ಬಟ್ಟೆ ಅದು. ನಾ ಹಿಂಗೇ ಬತ್ತೀನಿ, ವೇಷ್ಟೀಲಿ."

"ಸರಿ."

"ಆಮೇಲೆ ಸಾರ್, ಅವಳು ಕೇಳಿದ್ಲಲ್ಲ, ಅದು ನಾಟಕದಲ್ಲಿ ಬರಬೇಕು. ನಮ್ ಶ್ವೇತಾ ಅಮ್ಮಣಿ ನಾಟಕದಲ್ಲಿ ಸಿಪಾಯಿ ಹೆಂಡ್ತಿ ತಾನೆ? ಟೀ ತತ್ತಾಳಲ್ಲ, ಆವಾಗ ಕೇಳ್ಳಿ."

"ನಿಮ್ಮ ಮಗಳು ಒಪ್ಪಿದರಾ?"

"ಕೇಳ್ದೆ ಸಾರ್. ಅವಳ ಮಾತು, ಅವಳ್ನ ಕೇಳ್ದೆ ಎತ್ಕೊಂಡ್ರೆ ಕಳ್ಳಮಾಲಲ್ವಾ? 'ಕೇಳ್ಳಿ, ಸೇನಾಪತಿ ಏನ್ ಬದಲು ಹೇಳ್ತಾರೋ ನಾನೂ ಬಂದು ಕೇಳ್ತೀನಿ' ಅಂದ್ಲು." ಅವರು ನನ್ನ ಮುಖವನ್ನೇ ನೋಡಿದರು. "ಈಗ ನೀವ್ ಹೇಳಿ. ನಾ ಏನ್ ಬದಲು ಹೇಳ್ಳಿ?"

ನಾನು ಬರೆದುಕೊಟ್ಟೆ. ಸಿಪಾಯಿಯ ಹೆಂಡತಿ ಟೀ ತಟ್ಟೆ ಹಿಡಿದು, "ಅದರಲ್ಲಿ ನನ್ನ ಗಂಡ ಯಾವ ಬೆರಳು?" ಎಂದು ಕೇಳುತ್ತಾಳೆ. ಸೇನಾಪತಿ ಮೀಸೆ ಸವರಿಕೊಂಡು ಹೇಳುತ್ತಾನೆ: "ಬೆರಳಲ್ಲಮ್ಮ, ಉಗುರು. ಉಗುರು ಕತ್ತರಿಸುವಾಗ ಯಾರಾದರೂ ಅದರ ಹೆಸರು ಕೇಳುತ್ತಾರೇನು?" ಬರೆದಾಗ ನನಗೇ ಮೈ ಜುಮ್ಮೆಂದಿತು. ಇಡೀ ನಾಟಕದಲ್ಲಿ ಇದಕ್ಕಿಂತ ಹರಿತವಾದ ಮಾತಿರಲಿಲ್ಲ. ತಾಲೀಮಿನಲ್ಲಿ ಚೆನ್ನಿಯಪ್ಪನವರು ಅದನ್ನು ಹೇಳಿದ ರೀತಿಗೆ ಎಲ್ಲರೂ ಮೊದಲು ನಕ್ಕು, ಆಮೇಲೆ ಮುಖ ಮುಖ ನೋಡಿಕೊಂಡರು. ನನಗೆ ಬೇಕಾಗಿದ್ದದ್ದೂ ಅದೇ.

ಟೀ ಕುಡಿಯುವಾಗ ಅವರು ಪಕ್ಕಕ್ಕೆ ಬಂದು ಕೇಳಿದರು, "ಆ ಮಾತು ಬೇಕಾ ಸಾರ್?"

"ಅದೇ ನಾಟಕದ ಪ್ರಾಣ ಚೆನ್ನಿಯಪ್ಪನವರೇ."

"ಸರಿಂಗ ಸಾರ್."

ಕೊಡುವವನಿಗಾಗಲಿ ಕೊಳ್ಳುವವನಿಗಾಗಲಿ ಆಗದು ಎಂದು ಹೇಳದೆ ಬದುಕಿದ ಮನುಷ್ಯ ಅವರು. ತಮಿಳಿನ ಆ ಮರ್ಯಾದೆಯ 'ಸರಿ', ಆ 'ಸರಿಂಗ'ದ ಒಳಗೇನಿತ್ತೆಂದು ನನಗೆ ಆಗ ಗೊತ್ತಾಗಲಿಲ್ಲ.

ಕೊಯಮತ್ತೂರಿನ ಒಂದು ಸಣ್ಣ ಸಭಾಂಗಣದಲ್ಲಿ ನಾಟಕ. ಕರ್ನಾಟಕದ ವಿದ್ಯಾರ್ಥಿಗಳು, ಕಚೇರಿಯವರು, ಅವರ ಮನೆಯವರು; ಬಲಗಡೆಯ ಸಾಲುಗಳಲ್ಲಿ ಚೆನ್ನಿಯಪ್ಪನವರ ನೆಂಟರು, ಸಂತೆಯ ಗೆಳೆಯರು. ಸೇನಾಪತಿ ವೇಷ್ಟಿಯಲ್ಲಿ ಬಂದಾಗ ಎಡಗಡೆಯವರಿಗೆ ಅರ್ಥವಾಗಲಿಲ್ಲ. ಟವೆಲು ಬಿದ್ದ ಕೂಡಲೇ ಬಲಗಡೆಯಿಂದ ನಗು ಎದ್ದಿತು, ಅದು ನಿಧಾನವಾಗಿ ಎಡಕ್ಕೂ ಹಬ್ಬಿತು. ಸಂತೆಯವರೊಬ್ಬರು ಕೂತಲ್ಲಿಂದಲೇ ತಮಿಳಿನಲ್ಲಿ, "ಅಣ್ಣಾ, ಒತ್ತಿ ಕೇಳಿ, ಇನ್ನೂ ಇಳೀತಾರೆ" ಎಂದು ಸಲಹೆ ಕೊಟ್ಟರು.

ಆಗ ಶ್ವೇತಾ ಟೀ ತಂದಳು. ಕೇಳಿದಳು.

ಚೆನ್ನಿಯಪ್ಪನವರು ಉತ್ತರ ಹೇಳಲಿಲ್ಲ. ಪಕ್ಕದ ಪರದೆಯ ಮರೆಯಲ್ಲಿದ್ದ ನಾನು, "ಬೆರಳಲ್ಲಮ್ಮ..." ಎಂದು ಪಿಸುಗುಟ್ಟಿದೆ. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಅವರಿಗೆ ಕೇಳಿಸಿತೆಂದೇ ನನ್ನ ನಂಬಿಕೆ. ಅವರು ಟವೆಲಿನ ಕೆಳಗಿಂದ ಕೈ ಎಳೆದುಕೊಂಡರು. ಅದನ್ನು ಅಂಗೈ ಮೇಲಾಗಿ ಮೊಣಕಾಲ ಮೇಲೆ ಇಟ್ಟು, ಅದು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತರು. ಮೆಲ್ಲಗೆ ತಲೆ ತಗ್ಗಿತು, ಆಮೇಲೆ ಮೈಯೂ ತಿರುಗಿತು. ಸಭೆಗೆ ಎಂದೂ ಬೆನ್ನು ತೋರಿಸದಿದ್ದವರ ಬೆನ್ನು ಆ ದಿನ ಸಭೆಗೆ ಕಂಡಿತು. ಪ್ರಸಾದ ಬಹಳ ಹೊತ್ತು ಕಾದು, ಏನೂ ತೋಚದೆ, ಎದ್ದು ಒಳಗೆ ಬಂದುಬಿಟ್ಟ. ಬಹಳ ಹೊತ್ತು ಎಂದು ನಾನು ಬರೆಯುತ್ತಿದ್ದೇನೆ. ಉಸಿರು ಬಿಗಿಹಿಡಿದಷ್ಟೇ ಹೊತ್ತು ಎಂದು ಶ್ವೇತಾ ಹೇಳುತ್ತಾಳೆ.

ನಾಟಕ ಮುಗಿದ ಮೇಲೆ ಎಲ್ಲರೂ ಮಾತಾಡಿದ್ದು ಆ ಒಂದು ದೃಶ್ಯದ ಬಗ್ಗೆಯೇ. ನನಗೆ ಮಾತ್ರ ನನ್ನ ಮಾತು ಬರಲಿಲ್ಲವಲ್ಲ ಎಂಬ ಕೊರಗು. ಬಣ್ಣದ ಕೋಣೆಯಲ್ಲಿ ಕೇಳಿದೆ, "ಮರೆತುಹೋಯಿತಾ?"

"ವಯಸ್ಸಾಯ್ತಲ್ಲ ಸಾರ್."

"ಎಷ್ಟು?"

ಅವರು ನಗುತ್ತ ಟವೆಲು ತೆಗೆದು ಕೈ ಚಾಚಿದರು.

ಶಾಂತಾಮಣಿ ಏನೆಂದರು ಎಂದು ಮುಂದಿನ ಶನಿವಾರ ಕೇಳಿದೆ. "ಏನೂ ಅನ್ಲಿಲ್ಲ ಸಾರ್. ಅಷ್ಟು ದಿನ ಬಡಿಸಿ ಒಳಗೋಗ್ಬಿಡ್ತಿದ್ಲು. ಅವತ್ತು ದೋಸೆ ಹಾಕ್ಕೊಟ್ಟು ಪಕ್ಕದಲ್ಲೇ ಕುಂತ್ಲು." ಅಳಿಯನ ಫೋನೂ ಅದೇ ವಾರ ಬಂದಿತ್ತು. ಅದನ್ನು ಹೇಳುವಾಗ ಅವರ ಮೀಸೆಯೇ ಮೊದಲು ನಕ್ಕಿತು.

ಆಮೇಲೂ ಅವರು ನಮ್ಮೊಂದಿಗೆ ಇದ್ದರು. ಇನ್ನೊಂದು ನಾಟಕದಲ್ಲಿ ಮಂತ್ರಿಯಾದರು, ಮತ್ತೊಂದರಲ್ಲಿ ಬರೀ ಬಾಗಿಲು ಕಾಯುವವರು, ಅದೂ ಸಭೆಗೆ ಮುಖಮಾಡಿಯೇ. ಅವರಿಂದ ನಾನು ಕಲಿತದ್ದು ಏನೆಂದು ಕೇಳಿದರೆ ದೊಡ್ಡದಾಗಿ ಹೇಳಲಾರೆ. ಬರೆದದ್ದರಲ್ಲಿ ಎಷ್ಟನ್ನು ಬಿಡಬಹುದು ಎಂದು ನೋಡುವ ಅಭ್ಯಾಸ ಬಂದಿದೆ. ಪಂಪಿನ ಕೈಪಿಡಿಗಳು ಕೂಡ ತೆಳ್ಳಗಾಗಿವೆ, ಯಾರೂ ದೂರಿಲ್ಲ. ಊರು ಬಿಟ್ಟು ಬಂದ ನಮಗೆ ಶನಿವಾರವೊಂದು ಮನೆಯಾದದ್ದು ಅವರ ಮೊಸರಿನಿಂದ, ಅವರ ಕನ್ನಡದಿಂದ. ಈ ಕೃತಜ್ಞತೆಯನ್ನು ಅವರ ಮುಂದೆ ಹೇಳಿದ್ದೇನೋ ಇಲ್ಲವೋ ಎಂದು ಎಷ್ಟು ಯೋಚಿಸಿದರೂ ನಿಶ್ಚಯವಾಗುತ್ತಿಲ್ಲ. ಹೇಳಿದ್ದರೆ ಅವರು ಖಂಡಿತ ಎಮ್ಮೆಯ ಕಡೆ ಮಾತು ತಿರುಗಿಸಿರುತ್ತಾರೆ.

ಹೋದ ಮಳೆಗಾಲದಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಶ್ವೇತಾ ಆ ಹೊತ್ತಿಗೆ ಪುಣೆಗೆ ಹೋಗಿದ್ದಳು, ನಾನೊಬ್ಬನೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ತಲೆ ಬೋಳಿಸಿಕೊಂಡ, ಬೆನ್ನು ನೆಟ್ಟಗಿಟ್ಟು ಕೂತ ಮನುಷ್ಯ. ಅಳಿಯ ಮುರುಗೇಶ ರಜೆ ಹಾಕಿ ಬಂದಿದ್ದರು, ಮಾವನಿಗೆ ಬೆಂಕಿ ಇಟ್ಟದ್ದೂ ಅವರೇ. ನನ್ನ ಪರಿಚಯ ಹೇಳಿಕೊಳ್ಳುವ ಮೊದಲೇ, "ನಾಟಕದ ಸಾರ್ ತಾನೆ? ಮಾಮ ಫೋನಲ್ಲಿ ನಿಮ್ ಮಾತೇ ಆಡೋರು" ಎಂದು ಚಾಪೆ ಹಾಸಿದರು.

ಶಾಂತಾಮಣಿ ಒಳಗಿಂದ ಬಂದು ಕಂಬಕ್ಕೆ ಒರಗಿ ನಿಂತರು. ನಾನು ಆ ನಾಟಕದ ದಿನದ ಮಾತೆತ್ತಿದೆ. ನೀವು ನೀಲಿ ಸೀರೆಯಲ್ಲಿ ಮೂರನೇ ಸಾಲಿನ ಕೊನೆಯಲ್ಲಿ ಕೂತಿದ್ದಿರಿ, ನನಗೆ ಕಣ್ಣಿಗೆ ಕಟ್ಟಿದಂತಿದೆ ಎಂದೆ. ಎಷ್ಟೋ ಜನಕ್ಕೆ ಹಾಗೆಯೇ ಹೇಳಿದ್ದೇನೆ ಕೂಡ.

"ಕುಂತಿರ್ಲಿಲ್ಲ ಸಾರ್. ಬಾಗ್ಲತ್ರ ನಿಂತಿದ್ದೆ. ಅಪ್ಪ ಆ ಮಾತಂದ್ರೆ ಹಂಗೇ ಹೊರಟೋಗಾಣ ಅಂತ."

"ಯಾವ ಮಾತು?"

"ನೀವ್ ಬರೆದ್ಕೊಟ್ಟಿದ್ದು."

ಅದು ನಿಮಗೆ ಮೊದಲೇ ಹೇಗೆ ಗೊತ್ತಿತ್ತು ಎಂದು ಕೇಳಿದೆ.

"ದಿನಾ ಬೆಳಿಗ್ಗೆ ಹಾಲು ಕರೀತಾ ಅದನ್ನೇ ಹೇಳಿಕೊಳ್ಳೋರು. ನಾ ಒಳಗೆ ಕೇಳಿಸ್ಕೊಳ್ತಿದ್ದೆ, ಅದು ಅವರಿಗೂ ಗೊತ್ತು. ನಾಟಕದ ದಿನ ಬೆಳಿಗ್ಗೇನೂ ಹೇಳಿದ್ರು, ಒಂದಕ್ಷರ ತಪ್ಪಿಲ್ಲ." ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಮರ್ತೋಯ್ತು ಅಂತ ನಿಮ್ಗೆ ಹೇಳಿದ್ರಾ?"

ನಾನು ತಲೆಯಾಡಿಸಿದೆ.

ಮುರುಗೇಶ ಇಬ್ಬರ ಮುಖವನ್ನೂ ನೋಡಿದರು. "ಅದೇನ್ ಮಾತು ಸಾರ್? ಇವಳು ಇವತ್ತಿನವರೆಗೂ ನಂಗೆ ಹೇಳಿಲ್ಲ. ಮಾಮಾನೂ ಹೇಳ್ಲಿಲ್ಲ. ನಗೋ ಮಾತಾ?"

ಶಾಂತಾಮಣಿ ನನ್ನನ್ನು ನೋಡುತ್ತಿರಲಿಲ್ಲ. ಕೊಟ್ಟಿಗೆಯ ಕಡೆ ನೋಡುತ್ತಿದ್ದರು.

"ಮರೆತುಹೋಯಿತು ಮುರುಗೇಶ್" ಎಂದೆ.